ಲಿಫ್ಟು ಮತ್ತು ನಿಮ್ಮ ಮಗಳ ಪರಮಾಣುಗಳು

ಮನೆಯಿಂದ,
ಜೂನ್ ೧೪, ಭಾನುವಾರ

ಪೂಜ್ಯ ಅತ್ತೆಯವರಿಗೆ ಅಳಿಯನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಭಾವ ತಂದುಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ವಾಸನೆ ಎಂದು ಕಪಾಟಿಗೆ ಸೇರಿಸಿದಿರಾ? ನಾವು ಆರೋಗ್ಯವಾಗಿದ್ದೇವೆ. ನೆಮ್ಮದಿಯಾಗಿದ್ದೇವೆ ಎಂದು ಮಾತ್ರ ಬರೆಯಲಾರೆ.

ನಿಮ್ಮ ಮಗಳ ಲ್ಯಾಬಿರುವ ಕಟ್ಟಡದಲ್ಲೇ ನನಗೆ ಲಿಫ್ಟು ನೋಡಿಕೊಳ್ಳುವ ಕೆಲಸ ಸಿಕ್ಕಾಗ, ಗಂಡ ಹೆಂಡತಿ ಜೊತೆಯಾಗಿ ಹೋಗಿ ಬರಬಹುದೆಂದು ಹಿಗ್ಗಿದವರು ನೀವು. ಈಗ ಕೇಳಿ. ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಡಬ್ಬಿಯೊಂದರಲ್ಲಿ ಅವಳು ಪರಮಾಣುಗಳನ್ನು ಕೂಡಿಹಾಕುತ್ತಾಳೆ. ಎಲ್ಲ ಕಡೆಯಿಂದ ಲೇಸರ್ ಬೆಳಕು ಬಿಟ್ಟು ಅವುಗಳ ಓಟ ತಗ್ಗಿಸುತ್ತಾಳೆ. ಓಟ ತಗ್ಗಿದಷ್ಟೂ ಅವು ತಣ್ಣಗಾಗುತ್ತವಂತೆ. ಆಮೇಲೆ ಇನ್ನೊಂದು ಲೇಸರಿನ ಸಣ್ಣ ಬಿಂದುವಿನಲ್ಲಿ ಅವನ್ನು ಹಿಡಿದಿಟ್ಟು, ಎಲ್ಲವೂ ಸೇರಿ ಒಂದೇ ಪರಮಾಣುವಿನಂತೆ ಆಗುವವರೆಗೆ ಇನ್ನೂ ತಣ್ಣಗೆ ಮಾಡಬೇಕು. ಅಲ್ಲಿಗೆ ಬರುವಷ್ಟರಲ್ಲಿ ಯಾರೋ ನಾಲ್ಕನೇ ಮಹಡಿಗೆ ಲಿಫ್ಟು ಕರೆಯುತ್ತಾರೆ, ಲೇಸರ್ ತಿರುಗಿಸುವ ಕನ್ನಡಿಗಳು ಅದುರುತ್ತವೆ, ಪರಮಾಣುಗಳೆಲ್ಲ ದಿಕ್ಕಾಪಾಲು. ಬೈಗುಳ ನನಗೆ. ಊಟಕ್ಕೆ ಕೂತರೂ ಅದೇ ರಾಗ: “ನಿಮ್ಮ ಲಿಫ್ಟು ನನ್ನ ಜೀವ ತಿಂತಿದೆ ಕಣ್ರೀ.” ಮೇಲೆ ಕೆಳಗೆ ಹೋಗದಿದ್ದರೆ ಅದನ್ನು ಲಿಫ್ಟು ಎನ್ನುತ್ತಾರೆಯೇ, ಅತ್ತೆ?

ಕೊನೆಗೆ ತಲೆ ಚಿಟ್ಟುಹಿಡಿದು, ಮೊನ್ನೆ ಗುರುವಾರ ಮಧ್ಯಾಹ್ನ ‘ರಿಪೇರಿ’ ಎಂದು ಬೋರ್ಡು ತೂಗುಹಾಕಿ ಲಿಫ್ಟು ನಿಲ್ಲಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳೇ ಓಡಿಬಂದು ನನ್ನನ್ನು ಲ್ಯಾಬಿಗೆ ಎಳೆದೊಯ್ದಳು. ಕಂಪ್ಯೂಟರ್ ಪರದೆಯ ಮೇಲೆ ಮಸುಕು ಮಂಜಿನ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. “ಅಷ್ಟೂ ಪರಮಾಣು ಒಂದೇ ಆಗಿ ಕೂತಿವೆ, ನೋಡ್ರೀ” ಎಂದಳು. ಇದಕ್ಕಾ ಇಷ್ಟು ರಂಪ ಎನ್ನಬೇಕೆಂದಿದ್ದೆ. ಅವಳ ಕಣ್ಣು ತುಂಬಿತ್ತು, ಇನ್ನಷ್ಟು ಬಗ್ಗಿ ಆ ಚುಕ್ಕೆಯನ್ನೇ ನೋಡಿದೆ. ಅಷ್ಟರಲ್ಲಿ ನಾಲ್ಕು ಮಹಡಿ ಹತ್ತಿಳಿದ ಸಂಸ್ಥೆಯ ನಿರ್ದೇಶಕರು ನನ್ನನ್ನು ಹುಡುಕುತ್ತಾ, ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. “ಏನಪ್ಪಾ, ಎಲ್ಲಿ ರಿಪೇರಿ?” ನಾನೊಂದು ಸುಳ್ಳು ಹುಡುಕುವಷ್ಟರಲ್ಲಿ ಇವಳು, “ರಿಪೇರಿ ಏನೂ ಇಲ್ಲ ಸರ್, ನನಗೋಸ್ಕರ ನಿಲ್ಲಿಸಿದ್ರು” ಎಂದುಬಿಟ್ಟಳು. ಎಂಥ ಸತ್ಯವಂತೆಯನ್ನು ಹೆತ್ತಿದ್ದೀರಿ. ಮುಂದಿನ ತಿಂಗಳಿಂದ ನನ್ನನ್ನು ಹಾಸ್ಟೆಲ್ ಕಟ್ಟಡಕ್ಕೆ ಹಾಕಿದ್ದಾರೆ. ಇವಳೋ, ನನ್ನ ಜಾಗಕ್ಕೆ ಬರುವವನು ಮಾತು ಕೇಳುವವನೇ ಎಂದು ಈಗಲೇ ವಿಚಾರಿಸುತ್ತಿದ್ದಾಳೆ.

ನಿಮ್ಮ ಆಶೀರ್ವಾದ ನನ್ನ ಮೇಲೆ ಒಂದು ಹಿಡಿ ಹೆಚ್ಚೇ ಇರಲಿ. ಭಾವನನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳಿ.

ಇಂತಿ,
ನಿಮ್ಮ ಬಡಪಾಯಿ ಅಳಿಯ

ಇದನ್ನು ಮೇಲೆ ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಹೇಗೆ ಬರೆಯಲಿ ಎಂದು ತೋಚಲಿಲ್ಲ. ಅವಳಿಗೆ ಬೇರೆ ದೇಶದ ದೊಡ್ಡ ಲ್ಯಾಬಿನಿಂದ ಕೆಲಸಕ್ಕೆ ಕರೆ ಬಂದಿದೆ, ಮೂರು ವರ್ಷಕ್ಕೆ. ನನ್ನನ್ನು ಬಿಟ್ಟು ಹೋಗಲಾರೆ ಎಂದು ಬೇಡವೆನ್ನಲು ಹೊರಟಿದ್ದಾಳೆ. ನಾನು ಬಾಯಿ ಬಿಟ್ಟರೆ ಜಗಳ. ಪತ್ರ ಕೈಸೇರಿದ ಕೂಡಲೇ ನೀವು ಫೋನ್ ಮಾಡಿ ಹೋಗು ಎನ್ನಿ. ನಾನು ಹೇಳಿಸಿದ್ದೆಂದು ಗೊತ್ತಾಗಬಾರದು. ನನಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ, ಹಿಂದೆಯೇ ಹೋಗುತ್ತೇನೆ. ಅವಳಿಗೆ ಇಂಥದ್ದು ಮತ್ತೆ ಸಿಗಲಿಕ್ಕಿಲ್ಲ.