ಬಲಗಡೆಯ ಹಿಂದಿನ ಲೈಟು

ಮಂಡ್ಯ
೨೨-೮-೨೦೨೪, ಗುರುವಾರ

ಮಳವಳ್ಳಿಯ ಬಾಡಿಗೆ ರೂಮಿನಲ್ಲಿ ಅನ್ನ ಸಾರು ತಾವೇ ಬೇಯಿಸಿಕೊಂಡು ಕ್ಷೇಮವಾಗಿರುವ ಶಿವರಾಮು ಮೇಷ್ಟ್ರಿಗೆ, ವೀಣಳ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ. ‘ರೀ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ದೀಪಾವಳಿ ಮಳೆಯಲ್ಲಿ ಮನೆ ಬಿಟ್ಟು ಹೋದವರು ಯುಗಾದಿಗೂ ಬರಲಿಲ್ಲ, ಈಗ ಗೌರಿಹಬ್ಬ ಬಾಗಿಲಿಗೆ ಬಂದಿದೆ. ಫೋನು ಮಾಡಿದರೆ ನಾನು ಕೂಗಾಡುತ್ತೇನೆ, ನೀವು ‘ಹ್ಞೂಂ’ ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಪೂರ್ತಿ ಓದಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ನಿಮ್ಮ ಸೋದರಮಾವ ಮರಿಸಿದ್ದಯ್ಯನವರು ಬಂದಿದ್ದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದರು: “ಮದ್ದೂರಿಂದ ಒಬ್ರು ಭಾನ್ವಾರ ಕಾರ್ ನೋಡಾಕೆ ಬತ್ತಾರೆ ಕಣವ್ವ. ನಿನ್ನೆಸ್ರಲ್ಲೇ ಅದಲ್ಲ, ಒಂದು ಸೈನ್ ಹಾಕ್ಬುಡು. ಅದೊಂದು ಮಾರ್ಬುಟ್ರೆ ಅವನ ದಾರಿ ಅವನಿಗೆ, ನಿನ್ನ ದಾರಿ ನಿಂಗೆ ಅಂದವ್ನೆ.” ಇಷ್ಟು ಹೇಳಲು ಆ ವಯಸ್ಸಾದವರನ್ನು ಬಸ್ಸು ಹತ್ತಿಸಿದಿರಲ್ಲ, ನಿಮ್ಮ ಬಾಯಿಗೇನಾಗಿತ್ತು? ಆದರೂ ನಾನು ಆಗಲಿ ಎಂದೆ. ಮಕ್ಕಳಿಲ್ಲ, ಜಮೀನಿಲ್ಲ, ನಮ್ಮಿಬ್ಬರ ನಡುವೆ ಉಳಿದದ್ದು ಆ ಹಳೇ ಕಾರೊಂದೇ. ಅದೂ ಹೋದರೆ ನೀವು ಈ ಮನೆ ಬಾಗಿಲಿಗೆ ಬರಲು ಒಂದು ನೆಪವೂ ಇರುವುದಿಲ್ಲ ಎಂದು ಆಗಲೇ ಗೊತ್ತಿತ್ತು. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ.

ಅತ್ತಾದ ಮೇಲೆ ಎದ್ದು ಲೈಟು ರಿಪೇರಿಗೆ ಕೂತೆ. ಕೊಡುವುದನ್ನು ಸರಿಮಾಡಿಯೇ ಕೊಡಬೇಕು ಎಂಬುದು ನಮ್ಮಮ್ಮನ ಪಾಠ. ಎಮ್ಮೆ ಮಾರುವಾಗಲೂ ಅವಳು ಅದರ ಮೈ ತೊಳೆದು ಹಣೆಗೆ ಕುಂಕುಮ ಇಟ್ಟೇ ಕಳಿಸುತ್ತಿದ್ದಳು.

ಆ ಬಲಗಡೆಯ ಹಿಂದಿನ ಲೈಟಿನ ಕಥೆ ನಿಮಗೆ ಹೊಸದಲ್ಲ. ನನಗೆ ಲೈಸೆನ್ಸ್ ಬಂದ ವರ್ಷದಿಂದಲೇ ಅದರೊಳಗೆ ನೀರು. ಒಂದು ಮಳೆ ಬಂದರೆ ಅರ್ಧಕ್ಕೆ ನಿಲ್ಲುತ್ತಿತ್ತು. “ನೀನು ಓಡ್ಸಾಕೆ ಶುರು ಮಾಡ್ದ ಮೇಲೇ ಇದು ಬಂದದ್ದು. ಪೈಪ್ ಹಿಡ್ಕಂಡು ತೊಳೀತೀಯಲ್ಲ, ಅದ್ಕೆ” ಎಂದು ನೀವು. ಹಳೇ ಡಬ್ಬ ತಂದವರು ನೀವು ಎಂದು ನಾನು. ಪಕ್ಕದ ಮನೆ ಸೋಮಮ್ಮ ಬಗ್ಗಿ ನೋಡಿ “ಏನವ್ವಾ, ಲೈಟೊಳ್ಗೆ ಮೀನುಗೀನು ಸಾಕಿದ್ದೀಯಾ?” ಎಂದ ದಿನ ಮಾತ್ರ ಇಬ್ಬರೂ ಒಟ್ಟಿಗೆ ನಕ್ಕಿದ್ದೆವು.

ಆ ನೀರಿಗೇ ತಾನೆ ಫ್ಯೂಸು ಹೋಗಿ ಬ್ರೇಕ್ ಲೈಟು ಹತ್ತದೆ ಇದ್ದದ್ದು. ದೀಪಾವಳಿ ಹೊತ್ತಿನ ಆ ಸಂಜೆ ಗೆಜ್ಜಲಗೆರೆಯ ನಮ್ಮ ಗಾರ್ಮೆಂಟ್ಸಿನಿಂದ ಹೊರಟು ಸ್ವಲ್ಪ ದೂರ ಬಂದಿದ್ದೆ, ಮಳೆ. ನಾನು ಬ್ರೇಕ್ ಹಾಕಿದ್ದು ಹಾಲಿನ ಚೌಡಯ್ಯನವರಿಗೆ ಕಾಣದೆ ಅವರ ಬೈಕು ಹಿಂದಿನಿಂದ ಗುದ್ದಿತು. ಕ್ಯಾನು ಉರುಳಿ ರಸ್ತೆಯೆಲ್ಲ ಹಾಲಾಗಿತ್ತು. ಅವರ ಭುಜ ಹಿಡಿದುಕೊಂಡು ನಾನು ಕೂತಿದ್ದೆ. ಫೋನು ಮಾಡಿದ್ದಕ್ಕೆ ನೀವು ಬಂದಿರಿ. ನನ್ನ ಹತ್ತಿರ ಬರಲಿಲ್ಲ. ನೆಟ್ಟಗೆ ಕಾರಿನ ಹಿಂದೆ ಹೋಗಿ, ಬಗ್ಗಿ, ಆ ಲೈಟನ್ನು ಮುಟ್ಟಿ ನೋಡಿದಿರಿ. ಆಮೇಲೆ ನನ್ನ ಹೊಲಿಗೆ ಲೈನಿನ ಹುಡುಗಿಯರೆಲ್ಲ ನಿಂತಿದ್ದಾಗಲೇ “ನಿಂಗ್ಯಾಕೆ ಬೇಕಿತ್ತು ಸ್ಟೇರಿಂಗು? ಬಸ್ಸಲ್ಲಿ ಓಗಿ ಬರಾಕೆ ಏನ್ ಧಾಡಿ?” ಎಂದಿರಿ. ಪೆಟ್ರೋಲು ನನ್ನ ದುಡಿಮೆಯದು, ನಿಮ್ಮಪ್ಪನ ಮನೆಯದಲ್ಲ ಎಂದು ನಾನೂ ಅಂದೆ. ಆ ಮಾತನ್ನು ಈಗಲೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಮಾರನೆಯ ದಿನ ನೀವು ಸ್ಕೂಲಿನ ಹತ್ತಿರ ರೂಮು ಹಿಡಿದಿರಿ.

ನನ್ನನ್ನು ಬಿಟ್ಟು ಲೈಟು ನೋಡಲು ಹೋದಿರಲ್ಲ, ಬೈಗುಳಕ್ಕಿಂತ ಅದೇ ಚುಚ್ಚಿದ್ದು. ಇಷ್ಟು ತಿಂಗಳೂ ಅದನ್ನೇ ಮೆಲುಕು ಹಾಕಿದ್ದೇನೆ.

ಚೌಡಯ್ಯನವರ ಭುಜ ಈಗ ಸರಿಹೋಗಿದೆ, ಮತ್ತೆ ಹಾಲು ಹಾಕುತ್ತಿದ್ದಾರೆ. ಆಗಾಗ ಹೋಗಿ ನೋಡಿಕೊಂಡು ಬರುತ್ತೇನೆ. “ಮಳೇಲಿ ನಂಗೂ ಕಣ್ ಕಾಣ್ನಿಲ್ಲ, ಬುಡವ್ವ. ನಿನ್ ಗಂಡನ್ನ ಒಂದ್ಸಲ ಕರ್ಕಂಬಾ, ಬೈಬೇಕು ನಾನು” ಎನ್ನುತ್ತಾರೆ.

ರಿಪೇರಿಯ ವಿಷಯಕ್ಕೆ ಬರುತ್ತೇನೆ. ಮೊದಲು ಎಲ್ಲರೂ ಮಾಡುವ ಪೆದ್ದುತನವನ್ನೇ ನಾನೂ ಮಾಡಿದೆ. ನೂರಡಿ ರಸ್ತೆಯ ಅಂಗಡಿಯಿಂದ ಸಿಲಿಕಾನ್ ಟ್ಯೂಬು ತಂದು, ಕೆಂಪು ಗಾಜಿನ ಸುತ್ತ ಹೋಳಿಗೆಗೆ ತುಪ್ಪ ಸವರಿದ ಹಾಗೆ ಸವರಿದೆ. ರಾತ್ರಿ ಮಳೆ ಬಂತು, ಬೆಳಗ್ಗೆ ನೋಡಿದರೆ ಮತ್ತೆ ನೀರು. ಆಗ ಸಿಟ್ಟು ಬಂತು. ಡಿಕ್ಕಿಯೊಳಗೆ ನಾನೇ ತೂರಿಕೊಂಡು ಟಾರ್ಚು ಹಿಡಿದೆ, ಹೊರಗಿನಿಂದ ಚೊಂಬಿನಲ್ಲಿ ನಿಧಾನಕ್ಕೆ ನೀರು ಹುಯ್ಯಲು ಸೋಮಮ್ಮನಿಗೆ ಹೇಳಿದೆ. “ಕಾರ್ಗೂ ತಲೆ ಮೇಲೆ ನೀರುಯ್ಯೋ ಕಾಲ ಬಂತಲ್ಲವ್ವ” ಎಂದು ಗೊಣಗುತ್ತಲೇ ಹುಯ್ದರು. ನೀರು ಗಾಜಿನಿಂದ ಬರುತ್ತಲೇ ಇರಲಿಲ್ಲ. ಲೈಟಿಗೂ ಕಾರಿನ ತಗಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇದೆಯಲ್ಲ, ಅದರ ಮೇಲ್ಮೂಲೆಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.

ಸ್ಪ್ಯಾನರಿನಲ್ಲಿ ನಟ್ಟು ಬಿಚ್ಚಿ ಲೈಟನ್ನು ಪೂರ್ತಿ ಹೊರಗೆ ತೆಗೆದೆ. ಆ ಮೂಲೆಯಲ್ಲಿ ರಬ್ಬರಿನ ಕೆಳಗೆ ಏನೋ ಕಸ ಸಿಕ್ಕಿಕೊಂಡಿತ್ತು. ಅದರಿಂದ ರಬ್ಬರು ಎತ್ತಿಕೊಂಡು ಸಂದಿಯಾಗಿತ್ತು. ಕಸ ತೆಗೆದೆ, ಒಳಗಿನ ನೀರು ಚೆಲ್ಲಿದೆ, ಲೈಟನ್ನು ಬಿಸಿಲಲ್ಲಿ ಒಣಗಿಸಿದೆ. ಆ ಹಳೇ ಮಾಡೆಲ್ಲಿನ ರಬ್ಬರು ಮಂಡ್ಯದಲ್ಲಿ ಎಲ್ಲೂ ಸಿಗಲಿಲ್ಲ. ರಬ್ಬರ್ ಶೀಟು ತಂದು, ಹಳೇ ಪಟ್ಟಿಯನ್ನೇ ಅಳತೆಗಿಟ್ಟು, ಸೀಮೆಸುಣ್ಣದಲ್ಲಿ ಗೀಚಿ, ನಮ್ಮ ಲೈನಿನಲ್ಲಿ ಕಾಲರು ಕತ್ತರಿಸುವ ಹಾಗೆ ಕತ್ತರಿಸಿದೆ. ಜೋಡಿಸಿ ಮತ್ತೆ ನೀರು ಹುಯ್ಯಿಸಿದೆ. ಒಳಗೆ ಒಂದು ಹನಿ ಇಲ್ಲ. ನಿನ್ನೆ ಜೋರು ಮಳೆಯಲ್ಲೂ ಬರಲಿಲ್ಲ. ಬ್ರೇಕ್ ಒತ್ತಿದರೆ ಕೆಂಪಗೆ ಹತ್ತುತ್ತದೆ.

ಮನೆಯಲ್ಲಿ ಉಳಿದದ್ದೆಲ್ಲ ಇದ್ದ ಹಾಗೇ ಇದೆ. ನೀವು ಕಟ್ಟಿಟ್ಟು ಹೋದ ಹಳೇ ಪೇಪರಿನ ಕಟ್ಟು ಮೂಲೆಯಲ್ಲೇ ಕೂತಿದೆ. ಕಬ್ಬಿನ ಹೊರೆಗೆ ಸೋಗೆ ತಿರುಚಿ ಒಳಕ್ಕೆ ಸಿಕ್ಕಿಸುವ ನಿಮ್ಮೂರಿನವರ ಗಂಟು, ಊಟದ ಬ್ಯಾಗಿಗೂ ಅದೇ, ಪೇಪರಿಗೂ ಅದೇ. ಬೇರೆ ಯಾರೂ ಹಾಗೆ ಕಟ್ಟಿದ್ದನ್ನು ಈ ಮನೆಯಲ್ಲಿ ನಾನು ನೋಡಿಲ್ಲ.

ಭಾನುವಾರ ಬರುವವರಿಗೆ ಬರಬೇಡಿ ಎಂದು ಹೇಳಿಬಿಡಿ. ನಾನು ಸೈನ್ ಹಾಕುವುದಿಲ್ಲ. ಯಾಕೆ ಎಂದು ಮರಿಸಿದ್ದಯ್ಯನವರು ಕೇಳಿದರೆ, ಇಷ್ಟು ಕಷ್ಟಪಟ್ಟು ರಿಪೇರಿ ಮಾಡಿದ ಮೇಲೆ ಯಾರಾದರೂ ಮಾರುತ್ತಾರಾ ಎಂದಳು ಎನ್ನಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ರಾತ್ರಿ ಮೊಸರು ಬೇಡ, ಶೀತವಾಗುತ್ತದೆ.

ಇಂತಿ,
ಇನ್ನೂ ನಿಮ್ಮ ಮನೆಯಲ್ಲೇ ಇರುವ
ವೀಣ

ಮತ್ತೆ: ಆ ಕಸ ಏನೆಂದು ಮೇಲೆ ಬರೆಯಲಿಲ್ಲ. ಬರೆದರೆ ನಿಮಗೆ ನೋವಾಗುತ್ತದೆ ಎಂದು ಮುಚ್ಚಿಟ್ಟೆ. ಮುಚ್ಚಿಟ್ಟರೆ ನನ್ನ ಸಂಸಾರವೇ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅದು ನಿಮ್ಮೂರ ಮಾರಮ್ಮನ ಗುಡಿಯಲ್ಲಿ ಕೊಡುವ ಅರಿಶಿನದ ದಾರ, ನಡುವೆ ಒಂದು ಅರಿಶಿನದ ಕೊಂಬು. ಗಂಟು ಸೋಗೆ ಗಂಟು. ನನಗೆ ಲೈಸೆನ್ಸ್ ಬಂದಾಗ ಕಾರಿಗೆ ಕಟ್ಟಲು ನಮ್ಮಮ್ಮ ಇಂಥದ್ದೇ ದಾರ ತಂದಿದ್ದಳು, “ದಾರ ಕಟ್ಟುದ್ರೆ ಬ್ರೇಕ್ ಹಿಡಿತದಾ ಅತ್ತೆ?” ಎಂದು ಎಲ್ಲರ ಮುಂದೆ ನಕ್ಕು ವಾಪಸ್ಸು ಕೊಟ್ಟವರು ನೀವು, ವಿಜ್ಞಾನದ ಮೇಷ್ಟ್ರು. ಆ ವರ್ಷ ಆಯುಧಪೂಜೆಗೆ ಬಲ್ಬು ಬದಲಾಯಿಸುತ್ತೇನೆ ಎಂದು ಆ ಲೈಟನ್ನು ಬಿಚ್ಚಿದವರೂ ನೀವೇ. ಬತ್ತಿ ಎಣ್ಣೆ ಎಳೆಯುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡುವವರು, ದಾರ ನೀರು ಎಳೆಯುತ್ತದೆ ಎಂದು ನಿಮಗೇ ಹೊಳೆಯಲಿಲ್ಲವಲ್ಲ. ಅವತ್ತು ಗೆಜ್ಜಲಗೆರೆಯಲ್ಲಿ ನನ್ನನ್ನು ಬಿಟ್ಟು ಮೊದಲು ಲೈಟಿನ ಹತ್ತಿರ ಯಾಕೆ ಓಡಿದಿರಿ ಎಂದು ಈಗ ತಿಳಿಯಿತು: ನನ್ನ ಕಾವಲಿಗೆ ಗುಟ್ಟಾಗಿ ಇಟ್ಟ ದಾರ ಏನಾಯಿತೆಂದು ನೋಡಲು. ಅಷ್ಟು ದಿನದ ನನ್ನ ಸಿಟ್ಟು ಡಿಕ್ಕಿಯ ಪಕ್ಕದಲ್ಲೇ ಕರಗಿತು.

ದಾರವನ್ನು ತೊಳೆದು ಒಣಗಿಸಿದ್ದೇನೆ. ಗಂಟು ಬಿಚ್ಚಿಲ್ಲ. ಭಾನುವಾರ ನೀವೇ ಬಂದು ಕಟ್ಟಿ, ರೀ. ಲೈಟಿಗೆ ಬೇಡ, ಒಳಗೆ, ನನ್ನ ಕಣ್ಣಿಗೆ ಕಾಣುವ ಕಡೆ.