ನಂಬರ್ ಅದೇ ಇದೆ

ಅಪ್ಪಾ,

ನಿನ್ನ ಫೋನು ಇವತ್ತು ಪ್ರೀಪೇಯ್ಡ್ ಆಯಿತು. "ಮೊದಲೇ ದುಡ್ಡಿಟ್ಟು ಮಾತಾಡೋಕೆ ನಾವೇನು ಓಡಿಹೋಗೋರಾ?" ಎನ್ನುತ್ತ ನೀನು ಕೊನೆತನಕ ತಿಂಗಳ ಬಿಲ್ಲಿಗೇ ಅಂಟಿಕೊಂಡಿದ್ದೆ. "ನನಗೆ ಬೇಕಾದಾಗ ನಾನೇ ಹಾಕಿಸ್ಕೋತೀನಿ" ಎಂದು ಅಮ್ಮ ಅದನ್ನು ಬಿಡಿಸಿದಳು.

ಫೋನ್ ಕಂಪನಿಯ ಅಂಗಡಿಗೆ ನಾನು ಬರೀ ಜೊತೆಗೆ ಹೋಗಿದ್ದೆ. ನಿನ್ನ ಮರಣ ಪ್ರಮಾಣಪತ್ರವನ್ನು ಅವಳೇ ಕೌಂಟರಿನ ಮೇಲಿಟ್ಟು, ಅರ್ಜಿಯಲ್ಲಿ ತನ್ನ ಹೆಸರನ್ನು ನಿಧಾನವಾಗಿ ಬರೆದಳು.

"ಹೊಸ ನಂಬರ್ ಕೊಡ್ಲಾ ಆಂಟಿ? ಇದಕ್ಕೆ ಯಜಮಾನ್ರನ್ನ ಕೇಳ್ಕೊಂಡೇ ಫೋನ್ ಬರ್ತಿರುತ್ತೆ," ಎಂದಳು ಕೌಂಟರಿನ ಹುಡುಗಿ.

"ಬರ್ಲಿ ಬಿಡಮ್ಮ. ಇಪ್ಪತ್ತು ವರ್ಷ ಎತ್ತಿದ್ದೆಲ್ಲ ನಾನೇ. ಅವರು ಕುರ್ಚಿಯಿಂದ 'ಯಾರೇ ಅದು' ಅಂತಿದ್ರು, ಅಷ್ಟೇ."

ಹುಡುಗಿ ನಕ್ಕಳು. ಇವಳ ಮಗ ನಾನೇ ಎಂದು ಯಾರಿಗಾದರೂ ಹೇಳಬೇಕೆನ್ನಿಸಿತು.

ಹೊರಗೆ ಬಂದ ಮೇಲೆ ಅಮ್ಮ ಹತ್ತು ಹೆಜ್ಜೆ ಆಚೆ ನಿಂತು, ಪರೀಕ್ಷೆಗೆಂದು ನನಗೇ ಫೋನ್ ಮಾಡಿದಳು. ನೀನಾದರೆ ಬಿಡದೆ ಮೂರು ಸಲ ಮಾಡುತ್ತಿದ್ದೆ. ಕೆಲಸ ಮುಗಿಸಿ ಮಾತಾಡಿದರಾಯಿತೆಂದು ನಾನು ಎತ್ತುತ್ತಿರಲಿಲ್ಲ. ಪರದೆಯ ಮೇಲೆ 'ಅಪ್ಪ' ಎಂದು ಬಂತು. ಮೊದಲ ರಿಂಗಿಗೇ ಎತ್ತಿದೆ.

"ಇವತ್ತು ಇಷ್ಟು ಬೇಗ ಎತ್ತಿದ್ಯಲ್ಲೋ," ಎಂದಳು ಅಮ್ಮ.