ಅಕ್ಕನ ಅಳತೆಗೆ ಹೊಲಿದ ಸೈಡ್‌ಕಾರ್

ಫೆಬ್ರವರಿ 4

ಗಾಡಿಯ ಕಾರ್ಬುರೇಟರ್ ಮತ್ತೆ ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲುಜ್ಜುವ ಹಳೇ ಬ್ರಶ್ಶಿನಲ್ಲಿ ತಿಕ್ಕಿ, ಪೆಟ್ರೋಲ್ ಹಾಯುವ ಜೆಟ್ಟಿನ ತೂತನ್ನು ಗುಂಡಿ ಹೊಲಿಯುವ ಸೂಜಿಯಿಂದ ಬಿಡಿಸಿ... ಟೈಲರ್ ಆಗಿದ್ದಕ್ಕೆ ಇಷ್ಟಾದರೂ ಲಾಭ.

ಗಾಡಿ ಇರುವುದು ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ಪಕ್ಕ. ಪುಟ್ಟ ಟೂ-ಸ್ಟ್ರೋಕ್ ಬೈಕು. ಹೊಲಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಲೆಂದು ಅಪ್ಪ ಕೊಂಡದ್ದು. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ, ನನಗೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಓಡಿಸಿದವಳು ಅಕ್ಕ. ಹಿಂದೆ ಬಟ್ಟೆಯ ಗಂಟು, ಮುಂದೆ ಅಕ್ಕ. ಸದ್ದು ಕೇಳಿದರೆ ಸಾಕು, ಗಿರಾಕಿಗಳು ಬಾಗಿಲಿಗೆ ಬರುತ್ತಿದ್ದರು.

ಹೋದ ವರ್ಷ ಅಕ್ಕನಿಗೆ ಸ್ಟ್ರೋಕ್ ಆಯಿತು. ಮಾತು ವಾಪಸ್ ಬಂತು— ಮೊದಲು ಬಂದದ್ದು ಬೈಗುಳ. ಕೈಯೂ ಬಂತು. ಎಡಗಾಲು ಮಾತ್ರ ಹಟ ಹಿಡಿದು ಕೂತಿದೆ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಆಸ್ಪತ್ರೆಯಿಂದ ಬಂದ ಮೇಲೆ ಹೊಸ್ತಿಲು ದಾಟಿಲ್ಲ. ಟ್ಯಾಕ್ಸಿ ಕರೆಸಿದೆ, ವಾಪಸ್ ಕಳಿಸಿದಳು. ಗಾಲಿಕುರ್ಚಿ ತಂದೆ, ಅದರ ಮೇಲೆ ಈಗ ಇಸ್ತ್ರಿ ಬಟ್ಟೆ ಇದೆ.

"ಮೂಟೆ ಹೊತ್ಕೊಂಡು ಹೋದ ಹಾಗೆ ನನ್ನನ್ನ ಹೊತ್ಕೊಂಡು ಹೋಗೋದಾದ್ರೆ ಬೇಡವೇ ಬೇಡ" ಅಂದಳು. ಅವಳು ಬೇಡ ಅಂದರೆ ಬೇಡ.

ಆದರೆ ನನ್ನ ಹತ್ತಿರ ಒಂದು ಪ್ಲಾನ್ ಇದೆ. ಅಕ್ಕನಿಗೆ ಹೇಳಿಲ್ಲ. ಗಾಡಿ ರೆಡಿ ಮಾಡಿ ಅದರ ಪಕ್ಕಕ್ಕೆ ಒಬ್ಬರು ಕೂರುವಂಥ ಸೈಡ್‌ಕಾರ್ ಜೋಡಿಸುವುದು. ಅಕ್ಕನನ್ನು ಅದರಲ್ಲಿ ಕೂರಿಸಿ, ಸೇತುವೆ ದಾಟಿಸಿ, ಗುಂಡಿ ಅಂಗಡಿ ಇಟ್ಟಿರುವ ಅವಳ ಗೆಳತಿಯ ಮುಂದೆ ಇಳಿಸುವುದು. ತನ್ನದೇ ಗಾಡಿ ಅಂದಮೇಲೆ ಒಲ್ಲೆ ಅನ್ನುತ್ತಾಳೆಯೇ? ನೋಡೇ ಬಿಡೋಣ!

ಫೆಬ್ರವರಿ 11, ಬೆಳಗ್ಗೆ

ಸ್ಟಾರ್ಟ್ ಆಯಿತು! ಆಯಿತು ಆಯಿತು ಆಯಿತು!

ಕಿಕ್ ಹೊಡೆದು ಹೊಡೆದು ಕಾಲು ಪದ ಹೇಳುತ್ತಿತ್ತು. ಇನ್ನೊಂದೇ ಒಂದು ಸಲ ಅಂತ ಹೊಡೆದೆ. ಟರ್... ಟರ್ರ್... ಟಪ್ ಟಪ್ ಟಪ್ ಟಪ್. ಅದೇ ಸದ್ದು. ಮೈಯೆಲ್ಲ ಜುಮ್ ಅಂತು. ಮರುಕ್ಷಣ ಕೋಣೆ ತುಂಬ ಬಿಳೀ ಹೊಗೆ. ಹೆಂಡತಿ ಸೌಟು ಹಿಡಿದೇ ಓಡಿ ಬಂದಳು.

"ರೀ! ಮನೆಗೇ ಬೆಂಕಿ ಇಟ್ರಾ?"

ಗೋಡೆಯಾಚೆ ಅಕ್ಕನ ಕೋಣೆ. ಅಲ್ಲಿಂದ ಕೂಗು ಬಂತು: "ಎಣ್ಣೆ ಜಾಸ್ತಿ ಆಯ್ತು ಕಣೋ! ಪೆಟ್ರೋಲಿಗೆ ಎಣ್ಣೆ ಬೆರೆಸ್ತಾರೆ, ನೀನು ಎಣ್ಣೆಗೆ ಪೆಟ್ರೋಲ್ ಬೆರೆಸಿದ್ದೀಯ!"

ಕಣ್ಣಲ್ಲಿ ನೋಡದೆ, ಬರೀ ಕಿವಿಯಲ್ಲಿ! ನಾನು ಕೆಮ್ಮುತ್ತಲೇ ನಕ್ಕೆ. ಗಾಡಿ ಗೊರಕೆ ಹೊಡೆದು ನಿಂತಿತು. ನಿಂತರೆ ನಿಲ್ಲಲಿ. ಹೆಂಡತಿಯ ಕೈ ಹಿಡಿದು ಒಂದು ಸುತ್ತು ಕುಣಿದೆ. ಸೌಟು ತಲೆಗೆ ಬಡಿಯಿತು.

ಫೆಬ್ರವರಿ 17

ಬೀದಿಯ ಕೊನೆಯ ವೆಲ್ಡಿಂಗ್ ಶಾಪಿನವನನ್ನು ಕರೆಸಿದೆ. ಎಲ್ಲರೂ ಅವನನ್ನು ಕಿಡಿ ಅಂತಾರೆ. ಮಾತೂ ಹಾಗೇ ಸಿಡಿಯುತ್ತದೆ. ಸೈಡ್‌ಕಾರ್ ಚಿತ್ರ ತೋರಿಸಿದೆ.

"ಪೈಪು ನಂದು, ಚಕ್ರ ನಂದು. ಅಳತೆ ಮಾತ್ರ ನಿಮ್ಮ ಡಿಪಾರ್ಟ್‌ಮೆಂಟು ಟೈಲರಣ್ಣ" ಅಂದ.

ಅದೇನು ದೊಡ್ಡದು? ಮೂವತ್ತು ವರ್ಷದಿಂದ ಮಾಡುತ್ತಿರುವುದು ಅದೇ. ಅಕ್ಕನಿಗೆ ಕೋಟು ಹೊಲಿಯುತ್ತೇನೆ ಅಂತ ಸುಳ್ಳು ಹೇಳಿ ಟೇಪು ಹಿಡಿದು ಹೋದೆ. ಭುಜ ಆಯಿತು, ಸೊಂಟ ಆಯಿತು. ಕುರ್ಚಿಯಲ್ಲಿ ಕೂರಿಸಿ ಮೊಣಕಾಲಿಂದ ಪಾದಕ್ಕೆ ಟೇಪು ಇಳಿಸಿದೆ.

"ಕೋಟಿಗೆ ಕಾಲಿನ ಅಳತೆ ಯಾಕೋ?"

"ಲಾಂಗ್ ಕೋಟು ಅಕ್ಕ."

"ಕೂತ್ಕೊಂಡೇ ಹಾಕ್ಕೊಳ್ಳೋ ಕೋಟಾ?"

ಟೇಪಿನ ಅಂಕಿ ಓದುವವನಂತೆ ತಲೆ ತಗ್ಗಿಸಿದೆ. ಬೈಯಲಿಲ್ಲ ಅವಳು. ಕಿಟಕಿಯ ಕಡೆ ತಿರುಗಿ ತುಟಿಯಲ್ಲೇ ನಗುತ್ತಿದ್ದಳು. "ಬಲಗಾಲಿನ ಅಳತೆ ಸರಿಯಾಗಿ ತಗೋ" ಅಂದಳು. ಬಲಗಾಲೇ ಯಾಕೆ? ಕೇಳಿದರೆ ಗುಟ್ಟು ರಟ್ಟಾಗುತ್ತದೆ ಅಂತ ಅಳತೆ ಬರೆದುಕೊಂಡೆ.

ಫೆಬ್ರವರಿ 26

ಫ್ರೇಮ್ ಬಂತು. ದೋಣಿಯ ಮೂತಿ, ಕೆಳಗೆ ಒಂಟಿ ಚಕ್ರ. ಎಷ್ಟು ಮುದ್ದಾಗಿದೆ ಅಂದರೆ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಸುವಾಗಲೂ ಅದೇ ಧ್ಯಾನ. ಒಬ್ಬರ ಪ್ಯಾಂಟು ಮೊಣಕಾಲಿಗೇ ಬಂದು ನಿಂತಿದೆ. ನಾಳೆ ಏನು ಹೇಳಲಿ ದೇವರೇ.

ಹೆಂಡತಿ ಹೇಳಿದಳು, ಅತ್ತಿಗೆ ಈಗೀಗ ತಾವಾಗಿಯೇ ವ್ಯಾಯಾಮ ಮಾಡುತ್ತಿದ್ದಾರಂತೆ. ಮೊದಲೆಲ್ಲ ಗೋಗರೆಯಬೇಕಿತ್ತು. ಈಗ ಎಡಗೈಯಲ್ಲಿ ಟವೆಲ್ ಹಿಂಡುವುದೇನು, ಬಲಪಾದ ಮೇಲೆ ಕೆಳಗೆ ಆಡಿಸುವುದೇನು... ಊಟದ ಹೊತ್ತಲ್ಲೂ ಅದೇ. ಗಾಡಿ ಸದ್ದು ಕೇಳಿ ಹುರುಪು ಬಂದಿರಬೇಕು. ನನಗಂತೂ ಹಿಗ್ಗೋ ಹಿಗ್ಗು.

ಮಾರ್ಚ್ 5

ಸೀಟು ಮುಗಿಯಿತು. ದಪ್ಪ ಫೋಮ್, ಮೇಲೆ ಕಡುಗೆಂಪು ರೆಕ್ಸಿನ್, ಅಂಚಿಗೆ ಬಿಳೀ ಪೈಪಿಂಗ್. ಎಡಗಾಲಿಗೆ ಒಂದು ಪುಟ್ಟ ದಿಂಬು. ಕೋಲಿಗೆ ಒಂದು ಜೇಬು. ಮದುವೆ ಸೂಟಿಗೂ ಇಷ್ಟು ಮುತುವರ್ಜಿ ವಹಿಸಿದವನಲ್ಲ. ಟ್ಯಾಂಕಿಗೆ ಮೊದಲಿನ ಅದೇ ಹಸಿರು. ಕಿಡಿ ಬಂದು ಸೈಡ್‌ಕಾರನ್ನು ಗಾಡಿಯ ಎಡಕ್ಕೆ ಬಿಗಿದು ಹೋದ. ಭಾನುವಾರ ಅಕ್ಕನಿಗೆ ತೋರಿಸುವುದು. ಯಾವಾಗ ಬರುತ್ತದೋ ಭಾನುವಾರ!

ಮಾರ್ಚ್ 10, ಮಧ್ಯಾಹ್ನ

ಏನಾಯಿತು ಅಂತ ಸಾವಕಾಶವಾಗಿ ಬರೆಯಬೇಕು. ತಲೆ ಗಿರ್ ಅಂತಿದೆ.

ಬೆಳಗ್ಗೆ ಅಕ್ಕನ ಕೈ ಹಿಡಿದು ಹಿಂದಿನ ಕೋಣೆಗೆ ಕರೆತಂದೆ. ಬಂದವಳ ಮುಖ— ಅಬ್ಬಾ, ಹುಡುಗಿಯ ಮುಖ. ತಲೆ ಬೇರೆ ನೀಟಾಗಿ ಬಾಚಿದ್ದಳು. ಹೊದಿಸಿದ್ದ ಬಟ್ಟೆ ಎಳೆದೆ. ಟ್ಯಾಂಕು ನೋಡಿದಳು. ಸೈಡ್‌ಕಾರ್ ನೋಡಿದಳು. ಸೀಟು, ದಿಂಬು, ಜೇಬು ಎಲ್ಲ ನೋಡಿದಳು. ಮುಖ ಇಳಿಯಿತು.

"ಚೆನ್ನಾಗಿ ಹೊಲಿದಿದ್ದೀಯ" ಅಂದಳು. ಅಷ್ಟೇ.

ನನಗೆ ಅರ್ಥವಾಗಲಿಲ್ಲ. ದಣಿದಿರಬೇಕು ಅಂದುಕೊಂಡೆ. ಇರಲಿ, ಹೊರಗೆ ಹೊರಟರೆ ಸರಿಹೋಗುತ್ತಾಳೆ ಅಂತ ನಾನೂ ಕಿಡಿಯೂ ಗಾಡಿಯನ್ನು ಓಣಿಯ ಬಾಗಿಲಿಗೆ ತಳ್ಳಿದೆವು. ಧಡ್! ಹಿಂದಕ್ಕೆ ಎಳೆದು ಓರೆ ಮಾಡಿ ತಳ್ಳಿದೆವು. ಧಡ್!

ಸೈಡ್‌ಕಾರ್ ಸಮೇತ ಗಾಡಿ ಬಾಗಿಲಿಗಿಂತ ಒಂದು ಗೇಣು ಅಗಲ.

ಎಲ್ಲರೂ ನನ್ನನ್ನೇ ನೋಡಿದರು. ಕಿಡಿ ಕೈ ಎತ್ತಿಬಿಟ್ಟ. "ನಾನು ಆವತ್ತೇ ಹೇಳಿದ್ದೆ ಟೈಲರಣ್ಣ, ಅಳತೆ ನಿಮ್ಮ ಡಿಪಾರ್ಟ್‌ಮೆಂಟು ಅಂತ."

"ಊರಿಗೆಲ್ಲ ಅಳತೆ ತಗೊಳ್ಳೋ ಮಹಾನುಭಾವರು, ಬಾಗಿಲಿಗೊಂದು ಟೇಪು ಹಿಡೀಬಾರದಿತ್ತಾ?" ಹೆಂಡತಿ.

ಆಗ ಅಕ್ಕ ನಕ್ಕಳು. ಬಿದ್ದು ಬಿದ್ದು ನಕ್ಕಳು. "ಗೋಡೆ ಹೊಲಿಗೆ ಬಿಚ್ಚಿ ಒಂದಿಷ್ಟು ಸಡಿಲ ಬಿಡೋ!" ಕಣ್ಣಲ್ಲಿ ನೀರು ಬರುವಷ್ಟು ನಗು. ನಾನೂ ನಕ್ಕೆ. ಮಾಡುವುದೇನು, ಬೋಲ್ಟು ಬಿಚ್ಚಿ ಸೈಡ್‌ಕಾರನ್ನು ಬೇರೆ ಮಾಡಿದೆವು. ಅದನ್ನು ಎತ್ತಲು ಇಬ್ಬರು ಬೇಕು. ಗಾಡಿಯ ಸ್ಟ್ಯಾಂಡೋ ಅಲ್ಲಾಡುತ್ತಿತ್ತು.

"ಗಾಡಿ ನಾನು ಹಿಡ್ಕೋತೀನಿ" ಅಂದಳು ಅಕ್ಕ. ಹೆಂಡತಿಯ ಭುಜ ಹಿಡಿದು ಬಲಗಾಲನ್ನು ಆಚೆ ಹಾಕಿ ಕೂತೇಬಿಟ್ಟಳು. ಅಕ್ಕನ ಎಡಕ್ಕೆ ಹೆಂಡತಿ ಗಟ್ಟಿಯಾಗಿ ಆತು ನಿಂತಳು. ನಾವು ಸೈಡ್‌ಕಾರ್ ಎತ್ತಿ ಓಣಿಯಲ್ಲಿಟ್ಟು ಬಂದೆವು.

ಬಂದು ನೋಡಿದರೆ... ಬೆನ್ನು ನೆಟ್ಟಗೆ. ಎರಡೂ ಕೈ ಹ್ಯಾಂಡಲ್ ಮೇಲೆ. ಎಡಗೈ ಕ್ಲಚ್ ಹಿಡಿದು ಬಿಡುತ್ತಿದೆ— ಟವೆಲ್ ಹಿಂಡುವ ಅದೇ ಕೈ. ಬಲಪಾದ ಮೇಲೆ ಕೆಳಗೆ, ಮೇಲೆ ಕೆಳಗೆ, ಅಲ್ಲಿಲ್ಲದ ಗೇರನ್ನು ಹುಡುಕುತ್ತಿದೆ. ಗೇರಿನ ಪೆಡಲು ಇರುವುದು ಎಡಗಾಲಿನ ಕಡೆ.

"ಅಕ್ಕ, ಇಳಿ. ಸೈಡ್‌ಕಾರಿನಲ್ಲಿ ಕೂರುವೆಯಂತೆ ಬಾ" ಅಂದೆ.

ಇಳಿಯಲಿಲ್ಲ. ನನ್ನ ಮುಖ ನೋಡಲೂ ಇಲ್ಲ. "ಕಾಲಿನ ಅಳತೆ ತಗೊಂಡ್ಯಲ್ಲ... ಗೇರು ಬಲಗಾಲಿಗೆ ಹಾಕಿಸ್ತಿದ್ದೀಯ ಅಂದ್ಕೊಂಡೆ ಕಣೋ."

ಇಷ್ಟು ದಿನ ವ್ಯಾಯಾಮ ಮಾಡಿದ್ದು ಅದಕ್ಕೆ. ತಲೆ ಬಾಚಿಕೊಂಡು ಬಂದದ್ದು ಅದಕ್ಕೆ. ಓಡಿಸಲು! ನಾನೋ ಪೈಪಿಂಗ್ ಹಾಕಿ, ದಿಂಬು ಇಟ್ಟು, ಅಂದವಾಗಿ ಮೂಟೆ ಕಟ್ಟಲು ಹೊರಟಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಅಳು ಬಂತು. ಅತ್ತೇಬಿಟ್ಟೆ, ಕಿಡಿಯ ಮುಂದೆಯೇ.

ಕಿಡಿ ಕೆಳಗೆ ಬಗ್ಗಿ ಎಂಜಿನ್ ನೋಡುತ್ತಿದ್ದ. "ಅಡಿಯಿಂದ ಒಂದು ರಾಡ್ ದಾಟಿಸಿದ್ರೆ ಗೇರು ಬಲಕ್ಕೆ ಬರುತ್ತೆ ಟೈಲರಣ್ಣ" ಅಂದ.

"ಸೈಡ್‌ಕಾರೂ ಇರಲಿ" ಅಂದಳು ಅಕ್ಕ. "ಮೂರು ಚಕ್ರ ಇದ್ರೆ ಕಾಲು ಊರೋ ತಾಪತ್ರಯ ಇಲ್ಲ. ಅದರಲ್ಲಿ ನೀನು ಕೂತ್ಕೋ."

ಮಾರ್ಚ್ 12

ಡಾಕ್ಟರನ್ನು ಕೇಳದೆ ಒಂದು ಬೋಲ್ಟೂ ಮುಟ್ಟಲ್ಲ ಅಂದೆ. ಅಕ್ಕ ಅಂದದ್ದು: "ಹಾಗಾದ್ರೆ ಟ್ಯಾಕ್ಸಿ ಕರಿ." ಒಲ್ಲೆ ಒಲ್ಲೆ ಎಂದವಳು ತಾನೇ ಹೊಸ್ತಿಲು ದಾಟಿ ಟ್ಯಾಕ್ಸಿ ಹತ್ತಿದಳು! ಡಾಕ್ಟರು ಕಣ್ಣು, ಕೈ, ಬಲಗಾಲು ಎಲ್ಲ ನೋಡಿ, ಮೂರು ಚಕ್ರವಾದರೆ ಸರಿ, ನಿಧಾನ, ಒಬ್ಬಳೇ ಹೋಗುವಂತಿಲ್ಲ ಅಂದರು. ತಲೆಯೂ ಸರಿಯಾಗಿದೆಯಂತೆ. ಅದರ ಬಗ್ಗೆ ಹೆಂಡತಿಗೆ ಇನ್ನೂ ಅನುಮಾನ— ನಮ್ಮಿಬ್ಬರದೂ.

ಮಾರ್ಚ್ 23

ಬರೆಯಲು ಪುರುಸೊತ್ತಿಲ್ಲ. ಕೈಯೆಲ್ಲ ಗ್ರೀಸು. ಬಿಳೀ ಶರ್ಟೊಂದಕ್ಕೆ ಹೆಬ್ಬೆಟ್ಟು ಒತ್ತಿಬಿಟ್ಟೆ.

ಗೇರು ಬಲಕ್ಕೆ ಬಂತು! ಮೊದಲ ಸಲ ಉಲ್ಟಾ ಕೂತಿತು, ಮೇಲಕ್ಕೆ ಎತ್ತಿದರೆ ಕೆಳಗಿನ ಗೇರು. ಅಕ್ಕ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು ಕಿಡಿಗೂ ನನಗೂ ಸಮನಾಗಿ ಬೈದಳು. ಬಿಚ್ಚಿ ಮತ್ತೆ ಹಾಕಿದೆವು. ಬಲಗಾಲಿಗೆ ಗೇರು ಬಂದಮೇಲೆ ಹಿಂದಿನ ಬ್ರೇಕಿಗೆ ಕಾಲಿಲ್ಲ. ಅದನ್ನು ಬಲಗೈಗೆ ಕೊಟ್ಟೆವು. ಒಂದೇ ಲಿವರ್, ಎರಡು ಕೇಬಲ್, ಹಿಡಿದರೆ ಮುಂದೆ ಹಿಂದೆ ಎರಡೂ ಕಚ್ಚುತ್ತವೆ. ಈಗ ಎಲ್ಲವನ್ನೂ ಓಣಿಯಲ್ಲೇ ಜೋಡಿಸುತ್ತಿದ್ದೇವೆ. ಬುದ್ಧಿ ಬಂದಿದೆ.

ಮಾರ್ಚ್ 27

ಸೈಡ್‌ಕಾರಿನ ಸೀಟಿನಲ್ಲಿ ಕೂತು ನೋಡಿದೆ. ಇಳಿಯಲು ಹೋದರೆ ಆಗಲಿಲ್ಲ. ಅಕ್ಕನ ಸೊಂಟಕ್ಕೆ ಹೊಲಿದದ್ದು, ನಾನು ಕಾರ್ಕಿನ ಹಾಗೆ ಸಿಕ್ಕಿಬಿದ್ದೆ. ಹೆಂಡತಿಯೂ ಕಿಡಿಯೂ ಎಳೆದು ತೆಗೆದರು.

ಸೀಟು ಬಿಚ್ಚಿ ಮತ್ತೆ ಹೊಲಿಯಬೇಕು. ಹೆಂಡತಿ ಟೇಪು ಹಿಡಿದು ನಿಂತಳು. ಹೊಟ್ಟೆ ಒಳಗೆ ಎಳೆದುಕೊಂಡೆ.

"ಬಿಡ್ರೀ ಉಸಿರು. ಗಿರಾಕಿಗಳಿಗೆ ದಿನಾ ಹೇಳೋದು ನೀವೇ ಅಲ್ವಾ, ಎಳ್ಕೋಬೇಡಿ ಅಂತ?"

ಬಿಟ್ಟೆ. ಅಳತೆ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಎಡಗಾಲಿನ ದಿಂಬನ್ನು ಕಿತ್ತು ಗಾಡಿಯ ಎಡ ಫುಟ್‌ರೆಸ್ಟಿಗೆ ಪಟ್ಟಿ ಸಮೇತ ಕೂರಿಸಿದೆ. ಅಕ್ಕನ ಕಾಲು ಅಲ್ಲಿ ಹಾಯಾಗಿ ನಿಲ್ಲುತ್ತದೆ.

ಮಾರ್ಚ್ 31, ಸಂಜೆ

ಓಣಿಯಲ್ಲಿ ಟ್ರಯಲ್. ಹೊರಟ ತಕ್ಷಣ ಗಾಡಿ ಎಡಕ್ಕೆ ಎಳೆಯಿತು. ಸೀದಾ ಪಕ್ಕದ ಮನೆಯ ಹೂಕುಂಡಕ್ಕೆ! ಅಕ್ಕ ಬ್ರೇಕ್ ಹಿಡಿದಳು. ಕುಂಡ ನನ್ನ ಮೂಗಿನ ಮುಂದೆ.

"ನಿನ್ನ ಭಾರಕ್ಕೆ ಕಣೋ ಎಳೆಯೋದು. ರಾತ್ರಿ ಊಟ ಕಮ್ಮಿ ಮಾಡು."

ಎರಡನೇ ಸುತ್ತಿಗೆ ಹ್ಯಾಂಡಲನ್ನು ಬಲಕ್ಕೆ ಎಷ್ಟು ಒತ್ತಬೇಕೆಂಬ ಅಂದಾಜು ಸಿಕ್ಕಿತು. ಆಮೇಲೆ ನಿಲ್ಲಿಸಿದ್ದರೆ ಕೇಳಿ. ಹೋಗುವುದು, ಬರುವುದು, ಹೋಗುವುದು, ಬರುವುದು. ಹೆಂಡತಿ ದೀಪ ಹಾಕಿ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದಳು. ಯಾರು ಕೇಳುತ್ತಾರೆ!

ಏಪ್ರಿಲ್ 7

ಇದನ್ನು ಸೈಡ್‌ಕಾರಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನನ್ನ ತಪ್ಪಲ್ಲ, ತೊಡೆಯೇ ಮೇಜು.

ಸೇತುವೆ ದಾಟಿದೆವು!

ಏರಿನಲ್ಲಿ ಗಾಡಿ ಉಬ್ಬಸಪಟ್ಟಿತು. ಇಳಿದು ತಳ್ಳಲಾ ಅಂದೆ. "ತೆಪ್ಪಗೆ ಕೂತ್ಕೋ" ಅಂದಳು. ಬಲಗಾಲು ಒಂದು ಗೇರು ಇಳಿಸಿತು. ಟಪ್ ಟಪ್ ಅನ್ನುತ್ತಾ ಹತ್ತಿತು ನೋಡು... ಮೇಲೆ ಹೋದಾಗ ಕೆಳಗೆ ನದಿ, ಮುಖಕ್ಕೆ ಗಾಳಿ. ಅಕ್ಕ ಹೋ ಅಂತ ಕೂಗಿದಳು. ನಾನೂ ಕೂಗಿದೆ. ನಡೆದು ಹೋಗುತ್ತಿದ್ದವರು ತಿರುಗಿ ನೋಡಿದರು. ನೋಡಲಿ! ನೋಡಲಿ ಎಲ್ಲರೂ!

ಗುಂಡಿ ಅಂಗಡಿಯ ಗೆಳತಿ ನಾವು ತಿರುವಿನಲ್ಲಿ ಇರುವಾಗಲೇ ಬಾಗಿಲಿಗೆ ಬಂದು ನಿಂತಿದ್ದಳು. ಸದ್ದು ಕೇಳಿತಂತೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ಅಕ್ಕ ಕೋಲು ಊರಿಕೊಂಡು ತಾನೇ ಮೆಟ್ಟಿಲು ಹತ್ತಿದಳು.

ಈಗ ಒಳಗೆ ಇಬ್ಬರದೂ ನಗು. ಯಾರೋ ಗಿರಾಕಿ ಕೇಳುತ್ತಿದ್ದಾರೆ, ಹೊರಗೆ ಕೂತವರು ಯಾರು ಅಂತ.

"ಅದಾ? ಮೂಟೆ" ಅಂದಳು ಅಕ್ಕ.

ಹೌದು, ನಾನೇ ಮೂಟೆ. ಹೀಗೇ ಹೊತ್ತುಕೊಂಡು ಹೋಗಲಿ, ಎಲ್ಲಿಗೆ ಬೇಕಾದರೂ.

ಬಂದಳು. ಕೈಯಲ್ಲಿ ಗುಂಡಿಯ ಪೊಟ್ಟಣ. ಮನೆ ದಾರಿ ಬೇಡವಂತೆ, ನದಿ ಪಕ್ಕದ ದೂರದ ದಾರಿಯಲ್ಲಿ ಹೋಗೋಣವಂತೆ. ಇಳಿದು ಕಿಕ್ ಹೊಡಿ, ಅದೇನು ಗೀಚುತ್ತಾ ಕೂತಿದ್ದೀಯ ಅಂತ ಬೈಯುತ್ತಿದ್ದಾಳೆ. ಬಂದೆ ಅಕ್ಕ, ಒಂದೇ ಒಂದು ಸಾಲು—